ನೀಲಿ ನೀರಿನ ಪೆಟ್ಟಿಗೆ

ಇಲಿ ಓಡಾಡಿದರೂ ನನ್ನ ನಿದ್ದೆ ಕೆಡುತ್ತದೆಂದು, ಮೊಮ್ಮಗಳು ಗೇಮ್ ಆಡಲು ಸದ್ದಿಲ್ಲದ ಪುಟ್ಟ ಕಂಪ್ಯೂಟರನ್ನು ತಾನೇ ಜೋಡಿಸಿದಳು. ಬಿಸಿಯಾಗದಂತೆ ಒಳಗೆಲ್ಲ ಕೊಳವೆ. ಅದರಲ್ಲಿ ಕೈಗೆ ತಾಗಿದರೆ ತೊಳೆದರೂ ಹೋಗದ ನೀಲಿ ನೀರು.

"ಒಂದು ಹನಿ ಸೋರಿದ್ರೂ ಎಲ್ಲಾ ಸುಟ್ಟುಹೋಗತ್ತೆ ಅಜ್ಜಿ. ಈಗ ಪಂಪ್ ಮಾತ್ರ ಓಡ್ಲಿ. ಈ ಕಾಗದ ಒಣಗೇ ಇದ್ರೆ ಸಂಜೆಗೆ ಇಡೀ ಕಂಪ್ಯೂಟರಿಗೆ ಕರೆಂಟ್ ಕೊಡ್ತೀನಿ," ಎಂದು ಜಾಯಿಂಟುಗಳ ಕೆಳಗೆ ಬಿಳಿ ಕಾಗದ ಹಾಸಿದಳು.

"ನಿಮ್ಮಜ್ಜ ಇದ್ದಿದ್ರೆ ಒಂದೊಂದು ಜಾಯಿಂಟನ್ನೂ ಉಂಗುರದಲ್ಲಿ ತಟ್ಟಿ ನೋಡೋರು ಕಣೇ," ಎಂದೆ. ನಲ್ಲಿ ಕೂರಿಸುವುದೇ ಅವರ ಕಸುಬಾಗಿತ್ತು.

"ಅಜ್ಜ ತಟ್ಟಿದ್ರೆ ಇದು ಒಡೆದೇ ಹೋಗ್ತಿತ್ತು!" ಎಂದು ನಕ್ಕು ಊಟಕ್ಕೆ ಹೋದಳು.

ನಾನು ಕಾವಲು ಕೂತೆ. ಪೆಟ್ಟಿಗೆಯೊಳಗೆ ಒಂದು ಮೂಲೆಯಲ್ಲಿ ಉಂಗುರ ತಟ್ಟಿದ ಹಾಗೆ ಟಕ್ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ, ಅದೇ ಮೂಲೆಯಲ್ಲಿ. ಕೈಯಿಟ್ಟರೆ ಅಲ್ಲಷ್ಟೇ ಕೊರೆಯುವಷ್ಟು ತಣ್ಣಗೆ, ಅಲ್ಲಿನ ಕಾಗದವೂ ನೆನೆದಿತ್ತು. ಕೂಗಿದೆ.

ಓಡಿಬಂದವಳು ಆ ಜಾಯಿಂಟನ್ನು ಮುಟ್ಟಿ ನೋಡಿದಳು. "ಅಯ್ಯೋ, ಬಿಗಿ ಮಾಡೋದೇ ಮರ್ತಿದೀನಿ! ಸದ್ಯ, ಬದುಕ್ಕೊಂಡ್ವಿ ಅಜ್ಜಿ!"

ಕಂಪ್ಯೂಟರು ಈಗ ನನ್ನ ಮಂಚದ ಪಕ್ಕದಲ್ಲೇ ಇದೆ, ಉಸಿರಾಡಿದ ಸದ್ದೂ ಇಲ್ಲ. ಆ ಕಾಗದವನ್ನು ಮಾತ್ರ ನಾನು ಎಸೆಯಲಿಲ್ಲ. ಒಣಗಿದ ಮೇಲೂ ಅದು ಬೆಳ್ಳಗೇ ಇದೆ. ನೀಲಿಯ ಒಂದು ಚುಕ್ಕೆಯೂ ಇಲ್ಲ.