ಅರ್ಧ ಹೇಳಿದ ಅರ್ಥ

"ಎದಿಯಾಗ ಛಳಕ್ ಅಂತದವ್ವ," ಎಂದು ಮಲ್ಲಕ್ಕ ಎದೆಗೆ ಕೈ ಒತ್ತಿಕೊಂಡಳು.

ಸಾಧನಾ ಒಂದು ಕ್ಷಣ ಯೋಚಿಸಿದಳು. ಛಳಕು, ಚಳಿ. ಹಾಗೇ ಇರಬೇಕು. ನರ್ಸ್ ಹತ್ತಿರ ಓಡಿ ಇನ್ನೊಂದು ಕಂಬಳಿ ಇಸಿದುಕೊಂಡು ಬಂದು, ಏಪ್ರಿಲ್ ತಿಂಗಳ ಆ ಸೆಖೆಯಲ್ಲಿ, ಮುದುಕಿಯ ಕುತ್ತಿಗೆಯವರೆಗೂ ಹೊದಿಸಿಬಿಟ್ಟಳು.

ಕಿಟಕಿಯ ಹತ್ತಿರ ನಿಂತಿದ್ದ ಮುದುಕಿಯ ಮಗ ನಗು ತಡೆಯಲಾರದೆ ಮುಖ ತಿರುಗಿಸಿದ.

"ಕ್ಯಾ ಹುವಾ? ಯಾಕೆ ನಗ್ತೀರಾ?"

"ಥಂಡಿ ಅಲ್ಲರಿ ಡಾಕ್ಟರಬಾಯಿ. ಛಳಕ್ ಅಂದ್ರ ಸೂಜಿ ಚುಚ್ಚಿದಂಗ ನೋವು. ಬರ್ತದ, ಹೋಗ್ತದ."

ಸಾಧನಾಳ ಕಿವಿ ಬಿಸಿಯಾಯಿತು. ಕಂಬಳಿ ಎಳೆದು ಮಡಚುತ್ತ, "ನಾನು ಡಾಕ್ಟರ್ ಅಲ್ಲ, ಫಿಸಿಯೋ. ಎದೆ ಆಪರೇಶನ್ ಆದೋರ ಕೈ ಮೇಲೆ ಎತ್ತಿಸೋದಷ್ಟೇ ನನ್ನ ಕೆಲಸ. ಮತ್ತೆ ನಮ್ಮ ಮನೇದು ಮೈಸೂರು ಕಡೆ ಕನ್ನಡ. ಅದೂ ಅರ್ಧಂಬರ್ಧ," ಎಂದಳು.

"ನಮ್ದು ಕಲಬುರಗಿ ಕಡೀದು. ಎರಡೂ ಕನ್ನಡನೇ ಬಿಡ್ರಿ. ನಡುವ ನಮ್ಮವ್ವ ಕಂಬಳ್ಯಾಗ ಬೆಂದು ಹೋಗಬಾರದು, ಅಷ್ಟ."

"ನಗಸಬ್ಯಾಡ್ರೋ, ಹೊಲಿಗಿ ಬಿಚ್ಚತಾವ," ಎಂದು ಮಲ್ಲಕ್ಕ ನೋವಿನಲ್ಲೇ ನಕ್ಕಳು.

ಅವನ ಹೆಸರು ಚಂದ್ರಾಮ. ಮುಂಬೈಯ ಭಾಂಡುಪ್‌ನ ಎತ್ತರದ ಬಿಲ್ಡಿಂಗ್‌ಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಧಾರಾವಿಯಲ್ಲಿ ಒಂದು ಖೋಲಿ, ಒಂದೇ ಕೋಣೆಯ ಮನೆ. ತಾಯಿಯ ಎದೆಯಲ್ಲಿ ಕ್ಯಾನ್ಸರ್ ಗಂಟು ಎಂದು ಗೊತ್ತಾದ ಮೇಲೆ ಅವಳನ್ನು ಊರಿನಿಂದ ಕರೆಸಿಕೊಂಡು ಇಲ್ಲಿ ಆಪರೇಶನ್ ಮಾಡಿಸಿದ್ದ.

ಸಾಧನಾ ಆಂಟಾಪ್ ಹಿಲ್‌ನ ಸರ್ಕಾರಿ ಕಾಲೊನಿಯಲ್ಲಿ ಬೆಳೆದವಳು. ಓದುವಾಗ ಎಲುಬುಗಳ ಹೆಸರು ಬಾಯಿಪಾಠ ಬರದೆ ಅಳುತ್ತಿದ್ದಳಂತೆ. ಕೊನೆಗೆ ಒಂದೊಂದು ಹೆಸರಿನ ಅರ್ಥ ಹುಡುಕಿ ನೆನಪಿಟ್ಟುಕೊಂಡಳು. ಆ ಚಟ ಹೋಗಲೇ ಇಲ್ಲ. ಈಗ ಅದನ್ನು ಹೇಳಿಕೊಳ್ಳಲು ಅವಳಿಗೊಬ್ಬ ಸಿಕ್ಕಿದ್ದ.

"ಇದು ಕ್ಲಾವಿಕಲ್," ಎನ್ನುತ್ತ ಮಲ್ಲಕ್ಕನ ಹೆಗಲಿನ ಮುಂದಿನ ಎಲುಬಿನ ಮೇಲೆ ಬೆರಳಿಡುತ್ತಿದ್ದಳು. "ಚಿಕ್ಕ ಕೀಲಿಕೈ ಅಂತ ಅರ್ಥ. ಕೈ ಎತ್ತಿದಾಗ ಇದು ಕೀಲಿ ಥರಾನೇ ತಿರುಗುತ್ತೆ."

"ಹಂಗಾದ್ರ ದಿನಾ ಒಂದೀಟು ತೆಗೀರಿ. ಅವಸರ ಇಲ್ಲ," ಎನ್ನುತ್ತಿದ್ದ ಚಂದ್ರಾಮ, ಕಣ್ಣು ಮಾತ್ರ ತಾಯಿಯ ಹೆಗಲಿನ ಮೇಲೆ ಇರುತ್ತಿರಲಿಲ್ಲ.

ಮಸಲ್ ಅಂದರೆ ಪುಟ್ಟ ಇಲಿ ಎಂದಾಗ ಮಲ್ಲಕ್ಕ ತನ್ನ ಬತ್ತಿದ ತೋಳು ಮುಟ್ಟಿಕೊಂಡು, "ನನ್ನ ಇಲಿ ಎಲ್ಲಾ ಓಡಿ ಹೋಗ್ಯಾವ ನೋಡವ್ವ," ಎಂದಳು. ಮೊಣಕಾಲ ಕೆಳಗಿನ ಟಿಬಿಯಾಗೆ ಕೊಳಲು ಎಂಬ ಅರ್ಥವಿದೆ ಎಂದು ತಿಳಿದ ಮೇಲೆ ಚಂದ್ರಾಮ ಒಂದು ಸಂಜೆ ಕುಂಟುತ್ತ ಬಂದ. "ಇವತ್ತು ಸೈಟಿನ್ಯಾಗ ಕೊಳಲಿಗಿ ಪೆಟ್ಟು ಬಿತ್ತರಿ."

ಮಲ್ಲಕ್ಕ ಮನೆಗೆ ಹೋದಳು. ಕೈ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಬರುವುದು ಮಾತ್ರ ನಿಲ್ಲಲಿಲ್ಲ. ಅವಳು ಹೊರಗಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿರುವಾಗ ಇವರಿಬ್ಬರೂ ಗೇಟಿನ ಬಳಿಯ ಟಪರಿ ಅಂಗಡಿಯಲ್ಲಿ ಅರ್ಧ ಗ್ಲಾಸಿನ ಕಟಿಂಗ್ ಚಹಾ ಕುಡಿಯುತ್ತಿದ್ದರು.

"ಕಣ್ಣಿಂದು ಹೇಳಲೇ ಇಲ್ಲಲ್ಲ," ಎಂದ ಒಂದು ದಿನ.

"ಪ್ಯೂಪಿಲ್. ಪುಟ್ಟ ಗೊಂಬೆ ಅಂತ ಅರ್ಥ."

"ಅರೆ! ನಮ್ಮ ಕಡೀನೂ ಕಣ್ಣಗೊಂಬಿ ಅಂತೀವಿ. ಗೊಂಬಿ ಯಾಕ?"

"ತೀರಾ ಹತ್ತಿರ ಬಂದು ನೋಡಿದರೆ, ನೋಡೋರು ಅದರೊಳಗೆ ಚಿಕ್ಕದಾಗಿ ಕಾಣ್ತಾರೆ. ಅದಕ್ಕೆ."

ಚಂದ್ರಾಮ ಗ್ಲಾಸು ಕೆಳಗಿಟ್ಟ. ಸ್ವಲ್ಪ ಬಾಗಿದ. ಅವನ ಅಂಗಿಯಿಂದ ಗ್ರೀಸಿನ ವಾಸನೆ ಬರುತ್ತಿತ್ತು. ಸಾಧನಾ ರೆಪ್ಪೆ ಬಡಿಯದೆ ಕೂತಳು.

"ಕಾಣ್ತೀನಿ," ಎಂದ ಮೆಲ್ಲಗೆ. "ಭಾಳ ಸಣ್ಣಾಂವ."

"ಹೊರಗೆ ಬರ್ತಾನಂತಾ?"

"ಒಲ್ಲೆ ಅಂತಾನ."

ಆ ಸಂಜೆಯ ನಂತರ 'ನೀವು' ಹೋಗಿ 'ನೀ' ಬಂತು. ಯಾರು ಮೊದಲು ಬದಲಿಸಿದರೆಂದು ಇಬ್ಬರಿಗೂ ನೆನಪಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಮಲ್ಲಕ್ಕನಿಗೆ ಬೆನ್ನು ನೋವು ಶುರುವಾಯಿತು. ಕೂರಲು ಆಗದು, ಮಲಗಲು ಆಗದು. ಮತ್ತೆ ಅದೇ ವಾರ್ಡ್, ಸ್ಕ್ಯಾನ್. ಬೆಳಗಿನ ರೌಂಡಿನಲ್ಲಿ ದೊಡ್ಡ ಡಾಕ್ಟರು ಮಂಚದ ಪಕ್ಕದಲ್ಲೇ ನಿಂತು ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಏನೇನೋ ವಿವರಿಸಿ, ಮುಂದಿನ ಮಂಚಕ್ಕೆ ಹೋದರು. ಚಂದ್ರಾಮನ ಕಿವಿಯಲ್ಲಿ ಒಂದೇ ಒಂದು ಶಬ್ದ ಉಳಿಯಿತು.

ಕಾರಿಡಾರಿನಲ್ಲಿ ಅವನು ಸಾಧನಾಳನ್ನು ಹಿಡಿದು ನಿಲ್ಲಿಸಿದ. "ಮೆಟಾಸ್ಟಾಸಿಸ್ ಅಂದ್ರ ಏನ?"

ಅವಳು ಬೆಳಿಗ್ಗೆಯೇ ಸ್ಕ್ಯಾನ್ ನೋಡಿದ್ದಳು. ಬೆನ್ನೆಲುಬು, ಲಿವರ್, ಎಲ್ಲ ಕಡೆ ಕ್ಯಾನ್ಸರ್ ಹರಡಿತ್ತು. ಎದುರಿಗೆ ಅವನ ಮುಖ. ನಿದ್ದೆ ಕಾಣದ ಕಣ್ಣು. ನಾಲಿಗೆಗೆ ಅಭ್ಯಾಸವಾದ ಮಾತು ಮಾತ್ರ ಹೊರಬಂತು.

"ಗ್ರೀಕ್ ಶಬ್ದ. ಸ್ಟಾಸಿಸ್ ಅಂದ್ರೆ ನಿಂತಿರೋದು. ಮೆಟಾ ಅಂದ್ರೆ ಬದಲಾಗೋದು. ಜಾಗ ಬದಲಿಸೋದು ಅಂತ."

"ಅಂದ್ರ, ಇದ್ದ ಜಾಗಾ ಬಿಟ್ಟು ಹೋಗ್ಯಾದ?"

ಅವನ ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದಿದ್ದ ಬೆಳಕು ಬಂದಿತ್ತು. ಹಾಗಲ್ಲ ಚಂದ್ರಾಮ, ಹೋದಲ್ಲೆಲ್ಲ ಬೇರು ಬಿಟ್ಟಿದೆ ಎಂದು ಹೇಳಬೇಕಿತ್ತು. ಇದನ್ನೆಲ್ಲ ಹೇಳುವುದು ಡಾಕ್ಟರ ಕೆಲಸ, ನಾಳೆ ಅವರೇ ಹೇಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

"ಹ್ಞೂಂ," ಎಂದಳು.

ಅವನು ಒಳಗೆ ಓಡಿದ. "ಅವ್ವಾ, ಅದು ಜಾಗಾ ಬಿಟ್ಟು ಹೋಗ್ಯಾದಂತ!" ಮಲ್ಲಕ್ಕ ಮಲಗಿದಲ್ಲಿಂದಲೇ ಬಾಗಿಲ ಕಡೆ, ಸಾಧನಾಳ ಕಡೆ, ಕೈ ಮುಗಿದಳು.

ಮರುದಿನ ಡಾಕ್ಟರು, "ದವಾ ಚಾಲೂ ರಖೇಂಗೇ," ಎಂದರು. ಔಷಧಿ ಮುಂದುವರಿಸೋಣ, ಅಷ್ಟೇ ಅಂದರು.

ಮಲ್ಲಕ್ಕನದು ಒಂದೇ ಹಟ. ಊರಿಗೆ ಹೋಗಬೇಕು, ತಂಗಿ ದಾನವ್ವನನ್ನು ನೋಡಬೇಕು. ದಾನವ್ವನ ಕಾಲು ಸ್ವಾಧೀನ ತಪ್ಪಿ ವರ್ಷಗಳಾಗಿದ್ದವು, ಅವಳು ಮುಂಬೈಗೆ ಬರುವ ಹಾಗಿರಲಿಲ್ಲ. ಚಂದ್ರಾಮ ರೈಲಿನ ಟಿಕೆಟ್ಟನ್ನೂ ಮಾಡಿಸಿದ್ದ. ಈಗ ಅದನ್ನು ಕ್ಯಾನ್ಸಲ್ ಮಾಡಿದ.

"ಅವಸರ ಯಾಕವ್ವ? ಪೂರ್ತಿ ಆರಾಮ ಆಗು. ಸಂಕ್ರಾಂತಿಗಿ ಹೋಗೂಣು." ಆಮೇಲೆ ಸಾಧನಾಳ ಕಡೆ ತಿರುಗಿ, ದನಿ ತಗ್ಗಿಸಿ, "ದಾನವ್ವ ಚಿಗವ್ವಗ ಸೊಸೀನೂ ತೋರಿಸಿದಂಗ ಆಗ್ತದ. ನೀ ಬರ್ತಿ ಅಲ್ಲ?" ಎಂದ.

ಮಲ್ಲಕ್ಕ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ತುಟಿಯಲ್ಲಿ ನಗು ಇತ್ತು. ಸಾಧನಾ ಇಷ್ಟು ದಿನ ಕಾದಿದ್ದ ಮಾತು ಅದು. ಬಂದಾಗ ಅವಳಿಗೆ ತಲೆ ಎತ್ತಲಾಗಲಿಲ್ಲ. ಅವನು ಅದನ್ನು ನಾಚಿಕೆ ಎಂದುಕೊಂಡ.

ಹೇಳಬೇಕೆಂದು ಎಷ್ಟೋ ಸಲ ಹೊರಟಳು. ಅವನು ತಾಯಿಗೆ ಕೊಳ್ಳಲಿರುವ ಇಳಕಲ್ ಸೀರೆಯ ಬಣ್ಣ ಕೇಳುತ್ತಿದ್ದ. ಊರಲ್ಲಿ ಯಾರ್‍ಯಾರನ್ನು ಮದುವೆಗೆ ಕರೆಯಬೇಕೆಂದು ಬೆರಳು ಮಡಿಚುತ್ತಿದ್ದ. ನಾಳೆ ಹೇಳುತ್ತೇನೆ ಎಂದು ವಾಪಸು ಬರುತ್ತಿದ್ದಳು.

ಸಂಕ್ರಾಂತಿ ಬರಲಿಲ್ಲ. ಒಂದು ಮಧ್ಯಾಹ್ನ ಮಲ್ಲಕ್ಕನಿಗೆ ಏದುಸಿರು ಹತ್ತಿತು. ಚಂದ್ರಾಮ ಭಾಂಡುಪ್‌ನಿಂದ ಇನ್ನೂ ಬಂದಿರಲಿಲ್ಲ, ಅವಳ ಕೈ ಸಾಧನಾಳ ಕೈಯಲ್ಲಿತ್ತು. "ದಾನವ್ವ ಬಂದಳೇನವ್ವ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ಆಂಬುಲೆನ್ಸಿನಲ್ಲಿ ತಾಯಿಯ ದೇಹವನ್ನು ಊರಿಗೆ ಒಯ್ದ ಚಂದ್ರಾಮ, ಮಣ್ಣು ಮಾಡಿ ಬರುವಾಗ ಸೊರಗಿ ಹೋಗಿದ್ದ. ಅವನು ಬಂದ ಸುದ್ದಿ ತಿಳಿದು ಸಾಧನಾ ಧಾರಾವಿಯ ಖೋಲಿಗೆ ಹೋದಳು. ಬೆಳಗಿನ ಹೊತ್ತು. ಪಕ್ಕದ ಮನೆಯ ಹೊಲಿಗೆ ಯಂತ್ರ ಓಡುತ್ತಿತ್ತು. ಅವನು ತಾಯಿಯ ಸೀರೆಗಳನ್ನು ಮಡಚಿ ಇಡುತ್ತಿದ್ದ.

"ಬರ್ರಿ," ಎಂದ.

ಆ ಒಂದು 'ರಿ' ಸಾಕಾಗಿತ್ತು. ಅವನಿಗೆ ಗೊತ್ತಾಗಿದೆ.

"ಡಾಕ್ಟರು ಹೇಳಿದ್ರು. ಸ್ಕ್ಯಾನ್ ಮಾಡಿದ ದಿನಾನೇ ಎಲ್ಲಾ ಕಡಿ ಹರಡಿತ್ತಂತ. ನಿಮಗ ಅವತ್ತ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ?"

"ನಿನ್ನ ಮುಖ ನೋಡಿ ಹೇಳೋಕಾಗಲಿಲ್ಲ. ಆಮೇಲೆ ದಿನಾ ಇನ್ನೂ ಕಷ್ಟ ಆಯ್ತು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಪ್ರೀತಿ ಇತ್ತು ಚಂದ್ರಾಮ. ಅದಕ್ಕೇ ಆಗಲಿಲ್ಲ."

ಯಂತ್ರ ನಿಂತಿತು. ಮತ್ತೆ ಓಡಿತು.

"ನೀವು ಪೂರಾ ಸುಳ್ಳು ಹೇಳಿದ್ರ ಸಿಟ್ಟು ಮಾಡಬಹುದಿತ್ತು," ಎಂದ. "ಪ್ರೀತಿ ನಂಗೂ ಅದ. ಈಗೂ ಅದ. ಆದ್ರ ಮಣ್ಣು ಮಾಡೋ ಹೊತ್ತಿಗಿ ಚಿಗವ್ವನ್ನ ಎತ್ತಿಕೊಂಡು ತಂದ್ರು. ಅವ್ವನ ಗದ್ದ ಹಿಡಿದು ಕೇಳಿದಳು, ಮಾತು ಇರೂತನಕ ಯಾಕ ಕರಕೊಂಡು ಬರಲಿಲ್ಲೋ ಅಂತ. ನಾ ಏನ ಹೇಳಲಿ? ನಿಮ್ಮ ಹೆಸರು ಹೇಳಲಿಲ್ಲ. ಜೀವ ಇರೂತನಕ ಹೇಳಂಗಿಲ್ಲ."

"ನಾನೇ ಬಂದು ಅವರ ಕಾಲಿಗೆ ಬೀಳ್ತೀನಿ."

"ಆಕಿ ಮಾಫ್ ಮಾಡ್ತಾಳ್ರಿ. ಅಂಥಾಕಿನೇ." ಅವನು ಸೀರೆಯ ಮೇಲೆ ಅಂಗೈ ಊರಿದ. "ಆದ್ರ ನಿಮ್ಮನ್ನ ಸೊಸಿ ಅಂತ ಆಕಿ ಮುಂದ ನಿಲ್ಲಿಸಿ ನಾ ಹ್ಯಾಂಗ ನಗಲಿ? ನನ್ನ ಕೈಲಿ ಆಗಂಗಿಲ್ಲ."

"ಕಾಯಲಾ?"

"ಬ್ಯಾಡ್ರಿ. ನೀವು ಕಾಯ್ತೀರಿ ಅಂತ ಗೊತ್ತಾದ್ರ ನಾ ಬಂದೇ ಬರ್ತೀನಿ. ಬಂದು ದಿನಾ ನಿಮಗ ನೋವು ಕೊಡ್ತೀನಿ."

ಅವಳನ್ನು ರಸ್ತೆಯವರೆಗೆ ಕಳುಹಿಸಲು ಅವನೂ ಎದ್ದ. ಗಲ್ಲಿ ಇಕ್ಕಟ್ಟು, ಎರಡೂ ಕಡೆ ತಗಡಿನ ಅಂಚು ಚಾಚಿಕೊಂಡಿತ್ತು. ಅವಳ ತಲೆಗೆ ತಾಗದಿರಲೆಂದು ಅವನು ಹಿಂದಿನಿಂದ ಕೈ ಅಡ್ಡ ಹಿಡಿದು ನಡೆದ. ತಗಡು ಬಂದಾಗಲೆಲ್ಲ ಆ ಕೈ ಅವಳ ಕೂದಲಿನ ಮೇಲೆ ಒಂದಿಷ್ಟೇ ದೂರದಲ್ಲಿ ಇರುತ್ತಿತ್ತು. ಮುಟ್ಟಲಿಲ್ಲ. ಗಲ್ಲಿ ಇನ್ನೂ ಸ್ವಲ್ಪ ಉದ್ದವಿರಬಾರದೇ ಎಂದು ಸಾಧನಾಳಿಗೆ ಅನಿಸಿತು.

ರಸ್ತೆ ಬಂತು. ಮೇಲೆ ಬರೀ ಆಕಾಶ. ಅವನ ಕೈ ಕೆಳಗಿಳಿಯಿತು.

"ಹುಷಾರಾಗಿ ಹೋಗ್ರಿ," ಎಂದ.

ಬಸ್ಸು ಹತ್ತಿ ತಿರುಗಿ ನೋಡಿದಾಗ ಚಂದ್ರಾಮ ಗಲ್ಲಿಯೊಳಗೆ ಹೋಗಿಯಾಗಿತ್ತು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಅವಳು ಇನ್ನೂ ಗಲ್ಲಿಯ ಕಡೆಗೇ ನೋಡುತ್ತ ಕೈಯಲ್ಲಿದ್ದ ಚಿಲ್ಲರೆ ಚಾಚಿದಳು. ಪಕ್ಕದ ಹೆಂಗಸು ಅವಳ ಮುಖ ನೋಡಿ, ಏನೂ ಕೇಳದೆ, ಕಿಟಕಿಯ ಸೀಟು ಬಿಟ್ಟುಕೊಟ್ಟಳು.