ಕುದುರೆ ಕಚ್ಚಿದ ಹ್ಯಾಟು

ಸೆಪ್ಟೆಂಬರ್ 15, 2025. ಸೋಮವಾರ ಬೆಳಿಗ್ಗೆ 10.20ಕ್ಕೆ ತುಮಕೂರು ನಗರದ ಪೊಲೀಸ್ ಠಾಣೆಯೊಂದಕ್ಕೆ ಬಂದ ಹಿರಿಯರೊಬ್ಬರು ಕಟ್ಟು ಹಾಕಿಸಿದ ಫೋಟೊವೊಂದನ್ನು ಎದೆಗವಚಿಕೊಂಡಿದ್ದರು. ದೂರು ಬರೆದುಕೊಳ್ಳುವ ರೈಟರ್ ಹನುಮಂತರಾಜು ಮೇಜು ಬಿಟ್ಟು ಎದ್ದ. ಪಾಪ, ಮನೆಯವರು ಯಾರೋ ಕಾಣೆಯಾಗಿರಬೇಕು ಎಂದುಕೊಂಡು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟ. ಫೋಟೊ ತಿರುಗಿಸಿ ನೋಡಿದರೆ ಅದರಲ್ಲಿದ್ದದ್ದು ಒಂದು ಹ್ಯಾಟು.

ಬಂದವರು ವೆಂಕಟರಂಗಯ್ಯ, ವಯಸ್ಸು ಅರವತ್ತೆಂಟು, ನಿವೃತ್ತ ಡ್ರಾಯಿಂಗ್ ಮೇಷ್ಟರು, ಸೋಮೇಶ್ವರಪುರಂ ವಾಸಿ. ಗಂಡಸರ ಹಳೇ ಹ್ಯಾಟುಗಳನ್ನು ಸಂಗ್ರಹಿಸುವುದು ಅವರ ಹುಚ್ಚು. ಪ್ರತಿ ಭಾನುವಾರ ಹತ್ತರಿಂದ ಒಂದರವರೆಗೆ ಮನೆಯ ಹಾಲ್ ತೆರೆದಿಟ್ಟು ಬಂದವರಿಗೆಲ್ಲ ತೋರಿಸುತ್ತಾರೆ. ಇನ್‌ಸ್ಪೆಕ್ಟರ್ ನೇತ್ರಾವತಿ ಎದುರಿಗೆ ಕೂತು ಕೇಳಿದರು.

“ಏನು ಹೋಗಿದೆ?”

“ಕಂದು ಬಣ್ಣದ ಫೆಲ್ಟ್ ಹ್ಯಾಟು ಮೇಡಂ. ಎಡಗಡೆ ಅಂಚಲ್ಲಿ ಕುದುರೆ ಕಚ್ಚಿದ ಗುರುತಿದೆ.”

“ಕುದುರೆಯೇ ಕಚ್ಚಿದ್ದು ಅಂತ ಹೇಗೆ ಗೊತ್ತು?”

“ಪಶುವೈದ್ಯರಿಗೆ ತೋರಿಸಿದೀನಿ. ಹಲ್ಲಿನ ಅಳತೆ ತೆಗೆದು ಹೇಳಿದರು.”

“ಯಾವಾಗ ಹೋಯ್ತು?”

“ನಿನ್ನೆ. ಹನ್ನೊಂದೂವರೆಯಿಂದ ಹನ್ನೆರಡೂವರೆ ಒಳಗೆ.”

“ಬೆಲೆ?”

ಮೇಷ್ಟರು ಕನ್ನಡಕ ತೆಗೆದು ಒರೆಸಿದರು. “ಗುಜರಿಯವನ ಹತ್ರ ಇನ್ನೂರಕ್ಕೆ ತಗೊಂಡೆ. ಈಗ ಲಕ್ಷ ಕೊಡ್ತೀನಿ ಅಂದ್ರೂ ಕೊಡಲ್ಲ.”

“ಎರಡರಲ್ಲಿ ಯಾವುದು ಬರ್ಕೊಳ್ಲಿ ಸಾರ್?” ಎಂದ ಹನುಮಂತರಾಜು.

ಭಾರತೀಯ ನ್ಯಾಯ ಸಂಹಿತೆ ಕಲಂ 305, ವಾಸದ ಮನೆಯಲ್ಲಿ ಕಳವು. ಎಫ್‌ಐಆರ್ ದಾಖಲಾಯಿತು. ಬೆಲೆಯ ಕಾಲಂನಲ್ಲಿ ‘ಅಂದಾಜಿಸಬೇಕಿದೆ’ ಎಂದು ಬರೆದು ರೈಟರ್ ಕೈತೊಳೆದುಕೊಂಡ.

ಮಧ್ಯಾಹ್ನ 12.05ಕ್ಕೆ ಸ್ಥಳ ಪಂಚನಾಮೆ. ಹಾಲ್‌ನ ಮೂರು ಗೋಡೆಗೂ ಗಾಜಿನ ಬೀರು, ಅದರ ತುಂಬ ಹ್ಯಾಟುಗಳು. ಒಟ್ಟು ನೂರ ಹದಿನಾಲ್ಕು ಎಂದು ಮಹಿಳಾ ಕಾನ್‌ಸ್ಟೇಬಲ್ ಪೂಜಾ ಎಣಿಸಿದಳು. ನಡುಬೀರುವಿನಲ್ಲಿ ಕಳೆದುಹೋದ ಹ್ಯಾಟಿನ ಮರದ ಸ್ಟ್ಯಾಂಡ್ ಇತ್ತು. ಆ ಸ್ಟ್ಯಾಂಡಿಗೆ ಯಾರೋ ಹೊಚ್ಚ ಹೊಸ ಮಂಕಿ ಕ್ಯಾಪ್ ತೊಡಿಸಿದ್ದರು. ಪಕ್ಕದಲ್ಲಿ ಜುಟ್ಟು ಬಿಟ್ಟು ಸುಲಿದ ಎರಡು ತೆಂಗಿನಕಾಯಿ, ಎಲೆ ಅಡಿಕೆ.

“ಮೂವತ್ತು ವರ್ಷ ಸರ್ವಿಸ್ ಆಯ್ತು ಮೇಡಂ, ತಾಂಬೂಲ ಇಟ್ಟು ಕದ್ದ ಕಳ್ಳನ್ನ ಇವತ್ತೇ ನೋಡ್ತಿರೋದು,” ಎಂದ ಹನುಮಂತರಾಜು.

ನೇತ್ರಾವತಿಯವರಿಗೂ ನಗು ತಡೆಯಲಾಗಲಿಲ್ಲ. ಆದರೆ ಮೇಷ್ಟರ ಮುಖ ನೋಡಿ ನುಂಗಿಕೊಂಡರು. ಮನುಷ್ಯ ನಿಜಕ್ಕೂ ಕುಗ್ಗಿಹೋಗಿದ್ದರು.

“ನೂರ ಹದಿನಾಲ್ಕು ಬಿಟ್ಟು ಅದೊಂದನ್ನೇ ಯಾಕೆ ತಗೊಂಡ್ರು ಮೇಷ್ಟ್ರೇ? ಅಂಥಾದ್ದೇನಿದೆ ಅದರಲ್ಲಿ?”

ಅಷ್ಟು ಕೇಳಿದ್ದೇ ತಡ, ಮೇಷ್ಟರಿಗೆ ಜೀವ ಬಂತು. ಬೀರುವಿನಿಂದ ಒಂದು ಹ್ಯಾಟನ್ನು ಎರಡು ಕೈಯಿಂದಲೂ ಅಂಚಿನ ಕೆಳಗೆ ಹಿಡಿದು ತೆಗೆದರು. ನೆತ್ತಿ ಹಿಡಿದು ಎತ್ತಿದರೆ ಅಲ್ಲೇ ಬಿರುಕು ಬಿಡುತ್ತದಂತೆ. ಒಳ್ಳೇ ಹ್ಯಾಟು ಉಣ್ಣೆಯದ್ದಲ್ಲ, ಮೊಲದ ರೋಮ, ನೀರುನಾಯಿಯಂಥ ಬೀವರಿನ ರೋಮ ಬಡಿದು ಮಾಡಿದ್ದು, ಆ ಹದ ಗೊತ್ತಿದ್ದ ಕಾರ್ಖಾನೆಗಳು ಮುಚ್ಚಿ ಕಾಲವಾಯಿತು. ಒಳಗಿನ ಬೆವರುಪಟ್ಟಿಯ ಚರ್ಮದ ಮೇಲೆ ಮಾಡಿದವನ ಮುದ್ರೆ ಅಳಿಯದೆ ಇರಬೇಕು. ಸಣ್ಣ ಅಳತೆಯವು ಬೇಕಾದಷ್ಟು ಸಿಗುತ್ತವೆ, ಯಾರ ತಲೆಗೂ ಹಿಡಿಸದೆ ಪೆಟ್ಟಿಗೆಯಲ್ಲೇ ಉಳಿದವು. ದೊಡ್ಡ ತಲೆಯದ್ದು ಸಿಕ್ಕರೆ ಅದೃಷ್ಟ, ಅವನ್ನೆಲ್ಲ ಹಾಕಿ ಹಾಕಿ ಸವೆಸಿಬಿಟ್ಟಿರುತ್ತಾರೆ.

“ಇಷ್ಟೆಲ್ಲ ಇದ್ರೂ ಅರ್ಧ ಬೆಲೆ ಮೇಡಂ. ಉಳಿದರ್ಧ ಯಾರು ಹಾಕ್ಕೊಂಡಿದ್ರು ಅನ್ನೋದರ ಮೇಲೆ. ನನ್ನ ಹ್ಯಾಟಿಗೆ ಎಲ್ಲಾ ಇತ್ತು, ಅದೊಂದಿರಲಿಲ್ಲ. ಮೂರು ವರ್ಷದಿಂದ ಬಂದವರನ್ನೆಲ್ಲ ಕೇಳ್ತಿದೀನಿ. ಹೋದ ತಿಂಗಳು ಪೇಪರ್‌ನಲ್ಲೂ ಫೋಟೊ ಹಾಕಿಸಿದೆ.”

ಮಾತಿನ ನಡುವೆ ಅವರ ಕಣ್ಣು ಹನುಮಂತರಾಜುವಿನ ತಲೆಯ ಮೇಲಿದ್ದ, ಒಂದು ಪಕ್ಕ ಮಡಚಿದ ಪೊಲೀಸ್ ಹ್ಯಾಟಿನ ಮೇಲೆ ಬಿತ್ತು. “ನಿಮಗೆ ಹೊಸ ಕ್ಯಾಪ್ ಕೊಡ್ತಾರಂತಲ್ಲ? ಇದನ್ನ ಬಿಸಾಕಬೇಡಿ ಸ್ವಾಮಿ, ನನಗೆ ಕೊಡಿ.” ಹನುಮಂತರಾಜು ಎರಡು ಹೆಜ್ಜೆ ಹಿಂದೆ ಸರಿದ.

“ನಿನ್ನೆ ಎಷ್ಟು ಜನ ಬಂದಿದ್ರು?”

“ಇಪ್ಪತ್ತೆರಡು. ಎಲ್ಲಾ ಗೊತ್ತಿರೋರೇ. ಒಬ್ಬರು ಅಜ್ಜಿ ಮಾತ್ರ ಹೊಸಬರು. ಆ ಹ್ಯಾಟಿನ ಮುಂದೇನೇ ನಿಂತಿದ್ರು. ಇದು ಯಾರದ್ದು ಅಂತ ಗೊತ್ತೇನಮ್ಮ ಅಂದೆ. ಸೆರಗು ಬಾಯಿಗಿಟ್ಕೊಂಡ್ರು. ಆಮೇಲೆ ನೀರು ಕೇಳಿದ್ರು, ಒಳಗೆ ಹೋಗಿ ತಂದುಕೊಟ್ಟೆ.”

“ಆಗ ಬೀರು?”

ಮೇಷ್ಟರು ತಲೆ ತಗ್ಗಿಸಿದರು. “ತೆಗೆದಿತ್ತು.”

ಮಂಗಳವಾರ ಎದುರುಮನೆಯ ಸಿಸಿಟಿವಿ ನೋಡುವ ಕೆಲಸ ಪೂಜಾ ಪಾಲಿಗೆ ಬಂತು. 11.42ಕ್ಕೆ ಅಜ್ಜಿ ವೈರ್ ಬುಟ್ಟಿ ಹಿಡಿದು ಒಳಗೆ ಹೋಗುತ್ತಾರೆ. 11.58ಕ್ಕೆ ಹೊರಗೆ ಬರುತ್ತಾರೆ, ಬುಟ್ಟಿಯ ಮೇಲೆ ಸೆರಗು ಮುಚ್ಚಿದೆ. ರಸ್ತೆಯ ತಿರುವಿನಲ್ಲಿ ಹೆಲ್ಮೆಟ್ ಹಾಕಿದ ಗಂಡಸು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತದೆ. ಮುಂದಿನ ಮಡ್‌ಗಾರ್ಡ್ ಮೇಲೆ ಹಸಿರು ಸ್ಟಿಕ್ಕರ್.

“ಮೇಡಂ, ಇದು ಬಿದರೆಹಳ್ಳಿ ಕಾವಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಕಡೆ ಪಾರ್ಕಿಂಗ್ ಸ್ಟಿಕ್ಕರ್. ನಮ್ಮಣ್ಣನ ಗಾಡೀಲೂ ಇದೆ.”

“ಭೇಷ್ ಕಣೇ!” ಎಂದರು ನೇತ್ರಾವತಿ. ಆ ದಿನವೆಲ್ಲ ಪೂಜಾಳ ಕಾಲು ನೆಲದ ಮೇಲಿರಲಿಲ್ಲ.

ವಿಚಾರಣೆಗೆ ಅನುಮತಿ ಕೇಳಿ ಫ್ಯಾಕ್ಟರಿಗೆ ಪತ್ರ ಬರೆದು ಉತ್ತರ ಬರುವ ಹೊತ್ತಿಗೆ ಶುಕ್ರವಾರ. ಶನಿವಾರ ಬೆಳಿಗ್ಗೆ 9.30ಕ್ಕೆ ಗುಬ್ಬಿ ದಾಟಿ ಬಿದರೆಹಳ್ಳಿ ಕಾವಲ್ ಗೇಟಿಗೆ ಹೋದರೆ, ಬೈಕ್ ಯಾರದ್ದೆಂದು ಸೆಕ್ಯೂರಿಟಿಯವರು ಪಟ್ಟಿ ನೋಡಿ ಹೇಳಿದರು. ಭೀಮರಾಜ್, ವಯಸ್ಸು ನಲವತ್ತೊಂಬತ್ತು, ಕ್ಯಾಂಟೀನ್ ಸ್ಟೋರ್ ನೋಡಿಕೊಳ್ಳುವವನು, ಊರು ಕುಣಿಗಲ್ ತಾಲ್ಲೂಕು ಕೊತ್ತಗೆರೆ.

“ಎಲ್ಲಿದಾನೆ?”

“ನಾಳೆ ಮಾಲಯ ಅಮಾವಾಸ್ಯೆ ಅಲ್ವಾ ಮೇಡಂ? ಹಿರಿಯರಿಗೆ ಎಡೆ ಇಡಬೇಕು ಅಂತ ರಜಾ ಹಾಕಿ ಊರಿಗೆ ಹೋದವ್ನೆ.”

ಶನಿವಾರ ಮಧ್ಯಾಹ್ನ ನೇತ್ರಾವತಿಯವರಿಗೆ ಬಂದೋಬಸ್ತ್ ಡ್ಯೂಟಿ. ಹಾಗಾಗಿ ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಎಡೆಯನ್ನು ಅವಸರದಲ್ಲಿ ಮುಗಿಸಿ, ಇಬ್ಬರು ಸಿಬ್ಬಂದಿಯ ಜೊತೆ ಮಾಲು ಗುರುತಿಸಲು ಮೇಷ್ಟರನ್ನೂ ಜೀಪಿಗೆ ಹತ್ತಿಸಿಕೊಂಡು ಹೊರಟರು. ಕುಣಿಗಲ್ ದಾಟುವಾಗ ಕುದುರೆ ಫಾರಂನ ಬೇಲಿ ಕಂಡು ಮೇಷ್ಟರು ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. “ಕಚ್ಚಿದ್ದು ಇಲ್ಲಿಯದ್ದೇ ಇರಬೇಕು ಮೇಡಂ!” ಎಂದು ಹುಡುಗರ ಹಾಗೆ ಕೂಗಿದರು.

ಕೊತ್ತಗೆರೆ ತಲುಪಿದಾಗ 12.40. ಭೀಮರಾಜನ ಮನೆಯ ಮುಂದೆ ಹನ್ನೆರಡು ಹದಿಮೂರು ಜನ ಜಗಲಿಯ ಮೇಲೂ ಅಂಗಳದಲ್ಲೂ ಕೂತಿದ್ದರು. ಮಟನ್ ಸಾರಿನ ಘಮ ರಸ್ತೆಗೇ ಬರುತ್ತಿತ್ತು. ಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ಆ ಸಿಸಿಟಿವಿಯ ಅಜ್ಜಿಯೇ ಕೂತಿದ್ದರು. ಹೆಸರು ಹೊಂಬಾಳಮ್ಮ, ವಯಸ್ಸು ಎಪ್ಪತ್ತೆಂಟು, ಭೀಮರಾಜನ ತಾಯಿ.

“ಹ್ಯಾಟು ಎಲ್ಲಿದೆ?” ನೇತ್ರಾವತಿ ನೇರವಾಗಿ ಕೇಳಿದರು.

“ಒಳಗೈತೆ.”

“ಬಾಗಿಲು ತೆಗೀರಿ.”

“ಈಗ್ಲೇ ಆಗಕಿಲ್ಲ ಕಣವ್ವ. ಎಡೆ ಇಕ್ಕಿ ಬಾಗ್ಲು ಹಾಕೀವಿ. ಒಳಗೆ ಹಿರೀಕ್ರು ಉಣ್ತಾವ್ರೆ.”

ಹನುಮಂತರಾಜು ಮುಂದೆ ಬಂದವನು ಅಲ್ಲೇ ನಿಂತ. ಅಮಾವಾಸ್ಯೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದಕ್ಕೆಳೆದು ಹೊರಗೆ ಕಾಯುವುದು ಅವನ ಮನೆಯಲ್ಲೂ ಇರುವ ಪದ್ಧತಿ. ಇನ್‌ಸ್ಪೆಕ್ಟರ್ ಮನೆಯಲ್ಲೂ ಅಷ್ಟೇ. ವಾರೆಂಟ್ ಇದ್ದರೂ ಆ ಬಾಗಿಲು ತಳ್ಳುವ ಕೈ ಆ ಜೀಪಿನಲ್ಲಿ ಒಂದೂ ಇರಲಿಲ್ಲ.

“ಎಷ್ಟೊತ್ತಾಯ್ತು ಮುಚ್ಚಿ?”

“ಈಗ ಮುಚ್ಚಿದ್ದು. ಒಂದ್ ಕಾಲ್ ಗಂಟೆ ತಡೀರಿ.”

ನೇತ್ರಾವತಿ ಗಡಿಯಾರ ನೋಡಿಕೊಂಡರು. ಹಿತ್ತಲ ಬಾಗಿಲಿಗೆ ಪೂಜಾಳನ್ನು ಕಾವಲಿಗೆ ಕಳಿಸಿ ತಾವು ಜಗಲಿಯ ಮೇಲೆ ಕೂತರು. ಯಾರೋ ಮಜ್ಜಿಗೆ ತಂದರು. ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಭೀಮರಾಜ್ ಎದುರಿಗೆ ಬಂದು ಕೈ ಮುಗಿದ.

“ಮೇಡಂ, ಕದ್ದಿದ್ದು ನಾನೇ. ಅವ್ವಂಗೇನೂ ಗೊತ್ತಿಲ್ಲ. ನನ್ನ ಕರ್ಕೊಂಡು ಹೋಗಿ.”

“ಹೇಗೆ ಕದ್ದೆ?”

“ಕಿಟಕಿಯಿಂದ ಮೇಡಂ.”

“ಹ್ಯಾಟಿನ ಜಾಗದಲ್ಲಿ ಏನಿಟ್ಟು ಬಂದೆ?”

ಭೀಮರಾಜ್ ತಾಯಿಯ ಕಡೆ ತಿರುಗಿದ. ಅವನಿಗೆ ಗೊತ್ತಿರಲಿಲ್ಲ.

“ಏನ್ಲಾ ನಿಂದು!” ಹೊಂಬಾಳಮ್ಮ ಗದರಿದರು. “ಸುಳ್ಳು ಹೇಳಕ್ಕೂ ಬರಕಿಲ್ಲ ಇವನಿಗೆ. ಸುಮ್ಕೆ ಕುಂತ್ಕೋ. ನಾನೇ ಕಣವ್ವ ಎತ್ಕೊಂಡಿದ್ದು. ಹೊಸ ಟೋಪಿ ಮಡಗಿ ಬಂದಿವ್ನಿ, ಬರಿಗೈಲಿ ಬರಬಾರ್ದಲ್ಲ. ನಾಳಿಕ್ಕೆ ವಾಪಸ್ ಕಳಿಸ್ತಿದ್ದೆ.”

12.55ಕ್ಕೆ ಅವರು ಮೂರು ಸಲ ಕೈ ತಟ್ಟಿ ಬಾಗಿಲು ತೆಗೆದರು. ಒಳಗೆ ಬಾಳೆಲೆಯ ಮೇಲೆ ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಮಣೆಯ ಮೇಲೆ ಮಡಿಸಿಟ್ಟ ಹೊಸ ಪಂಚೆ ಶರಟು. ಅದರ ಮೇಲೆ ಹ್ಯಾಟು. ಪಂಚೆಗೆ ಅರಿಸಿನ ಕುಂಕುಮ ಹಚ್ಚಿತ್ತು. ಹ್ಯಾಟಿಗೆ ಒಂದು ಚುಕ್ಕೆಯೂ ಸೋಕಿರಲಿಲ್ಲ. ಹೊಂಬಾಳಮ್ಮ ಬಗ್ಗಿ ಅದನ್ನು ಎರಡು ಕೈಯಿಂದ ಅಂಚಿನ ಕೆಳಗೆ ಹಿಡಿದು ಎತ್ತಿದರು. ಮೇಷ್ಟರು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತರು. ಅವರ ಮನೆಗೆ ಬರುವ ದೊಡ್ಡ ದೊಡ್ಡ ಸಂಗ್ರಹಕಾರರಿಗೂ ಅಷ್ಟು ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ.

“ಯಾರು ಕಲಿಸಿದ್ರಮ್ಮ ಹೀಗೆ ಹಿಡಿಯೋದು?”

“ಅವ್ರೇಯ. ನೆತ್ತಿ ಮುಟ್ಟುದ್ರೆ ಬೈತಿದ್ರು.”

ಜಪ್ತಿ ಪಂಚನಾಮೆ ಶುರುವಾಯಿತು. ಊಟಕ್ಕೆ ಬಂದಿದ್ದ ನೆಂಟರಿಬ್ಬರೇ ಪಂಚರಾದರು. ಪೂಜಾ ಹೇಳಿಕೆ ಬರೆದುಕೊಂಡಳು.

“ಗಂಡನ ಹೆಸರು?”

ಹೊಂಬಾಳಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಪಕ್ಕದ ಮನೆಯ ಚಿಕ್ಕಮಾರಮ್ಮ ಮುಂದೆ ಬಂದರು. “ಅವ್ಳು ಗಂಡನ ಹೆಸ್ರು ಹೇಳಕಿಲ್ಲ ಬುಡವ್ವ, ಮದ್ವೆ ಆದಾಗಿಂದ ಹೇಳಿಲ್ಲ. ಕದರಯ್ಯ ಅಂತ ಬರ್ಕೋ.”

ಕದರಯ್ಯ ಮೂವತ್ತೈದು ವರ್ಷ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಂಡಿದ್ದವರು. ಒಂದು ಹೆಣ್ಣು ಕುದುರೆಗೆ ಹೆರಿಗೆ ಕಷ್ಟವಾಗಿ, ಅವರು ಎರಡು ದಿನ ಪಕ್ಕ ಬಿಟ್ಟೇಳದೆ ಮರಿ ಉಳಿಸಿದರು. ಅಲ್ಲಿದ್ದ ಹಳೇ ಡಾಕ್ಟರು ಖುಷಿಯಿಂದ ತಮ್ಮ ತಲೆಯ ಹ್ಯಾಟನ್ನೇ ತೆಗೆದು ಅವರ ತಲೆಗಿಟ್ಟರು. ಮುಂದೆ ಅದೇ ಮರಿ ದೊಡ್ಡದಾಗಿ ಸಲಿಗೆಯಿಂದ ಅಂಚು ಕಚ್ಚಿತು. ಕದರಯ್ಯ ಸಾಯುವವರೆಗೂ ಆ ಹ್ಯಾಟಿಲ್ಲದೆ ಹೊಸಿಲು ದಾಟಿದವರಲ್ಲ. ಅವರು ಹೋದ ಮೇಲೆ ಮನೆ ಗುಡಿಸುವಾಗ ಭೀಮರಾಜ್ ಅದನ್ನು ಗುಜರಿಯವನಿಗೆ ಕೊಟ್ಟು ಪ್ಲಾಸ್ಟಿಕ್ ಟಬ್ ತೆಗೆದುಕೊಂಡ. ತಾಯಿ ಕೇಳಿದಾಗ ಗೆದ್ದಲು ಹಿಡಿಯಿತೆಂದ. ಹೊಸ ಟಬ್ಬು ಕಂಡ ತಾಯಿ ಅದನ್ನು ನಂಬಿರಲಿಲ್ಲ. ಹೋದ ತಿಂಗಳು ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಪೇಪರಿನಲ್ಲಿ ಅಂಚು ಕಚ್ಚಿದ ಹ್ಯಾಟಿನ ಫೋಟೊ, ಕೆಳಗೆ ಮೇಷ್ಟರ ವಿಳಾಸ ನೋಡಿ, ಅಜ್ಜಿ “ತುಮಕೂರಲ್ಲಿ ಏನೋ ನೋಡ್ಬೇಕು, ಕರ್ಕೊಂಡು ಹೋಗ್ಲಾ” ಎಂದು ಮಗನ ಬೈಕ್ ಹತ್ತಿದ್ದರು.

“ಕೇಳಿದ್ರೆ ಮೇಷ್ಟ್ರು ಒಂದು ದಿನಕ್ಕೆ ಕೊಡ್ತಿದ್ರಲ್ಲಮ್ಮ?” ಎಂದರು ನೇತ್ರಾವತಿ.

“ಹೆಂಗವ್ವ ಕೇಳಲಿ? ಅಷ್ಟು ಜನದ ಮುಂದೆ ಇದು ನಿಮ್ಮತ್ರ ಹೆಂಗೆ ಬಂತು ಅಂತ ಮಾತು ಬರ್ತದೆ. ಅಪ್ಪನ ಟೋಪಿ ಕೊಟ್ಟು ಟಬ್ಬು ತಗಂಡ ಮಗ ಅಂತ ಇವನು ತಲೆ ತಗ್ಗಿಸ್ಬೇಕಾಗಿತ್ತು. ಅದಕ್ಕಿಂತ ನಾನೇ ಕಳ್ಳಿ ಅನ್ನಿಸ್ಕೊಂಡ್ರೆ ವಾಸಿ ಅಂತ ಎತ್ಕೊಂಡೆ.”

ಭೀಮರಾಜ್ ಕಂಬಕ್ಕೆ ಮುಖ ಒರಗಿಸಿ ಅತ್ತುಬಿಟ್ಟ. ನಲವತ್ತೊಂಬತ್ತು ವರ್ಷದ ಗಂಡಸು, ನೆಂಟರೆಲ್ಲ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತ. ತಾಯಿ ಹತ್ತಿರ ಹೋಗಿ ಬೆನ್ನಿಗೊಂದು ಗುದ್ದು ಕೊಟ್ಟು, “ಮೊದ್ಲು ಬಂದೋರಿಗೆ ಎಲೆ ಹಾಕು ಹೋಗು” ಎಂದರು.

ಮೇಷ್ಟರು ಜೇಬಿನಿಂದ ಪುಟ್ಟ ಕಾರ್ಡು ತೆಗೆದಿದ್ದರು. ಬೀರುವಿನಲ್ಲಿ ಹ್ಯಾಟಿನ ಮುಂದೆ ಇಡುವಂಥದ್ದು. ಮೂರು ವರ್ಷದಿಂದ ಖಾಲಿ ಇದ್ದ ಸಾಲಿನ ಮೇಲೆ ಪೆನ್ನು ಊರಿದರು. ಬರೆದು ಗಟ್ಟಿಯಾಗಿ ಓದಿದರು. “ಧರಿಸಿದವರು: ಕದರಯ್ಯ, ಕೊತ್ತಗೆರೆ.”

“ಹಂಗಲ್ಲ ಸೋಮಿ,” ಎಂದರು ಹೊಂಬಾಳಮ್ಮ. “ಕದರಯ್ಯನೋರು ಅಂತ ಬರ್ಕಳಿ.”

ಚಿಕ್ಕಮಾರಮ್ಮ ಬೆರಳು ಮೂಗಿನ ಮೇಲಿಟ್ಟರು. ಮೇಷ್ಟರು ತಲೆ ಬಗ್ಗಿಸಿ ತಿದ್ದಿ ಬರೆದರು.

ಮಧ್ಯಾಹ್ನ 2.30. ಪೊಲೀಸರೂ ಉಂಡರು, ಉಣ್ಣಿಸದೆ ಬಿಡುವವರು ಅಲ್ಲಿ ಯಾರೂ ಇರಲಿಲ್ಲ. 3.10ಕ್ಕೆ ಮಹಿಳಾ ಸಿಬ್ಬಂದಿ ಸಮಕ್ಷಮ ಹೊಂಬಾಳಮ್ಮನವರ ದಸ್ತಗಿರಿ ಆಯಿತು. ಅವರು ಒಳ್ಳೇ ಸೀರೆ ಉಟ್ಟುಕೊಂಡು ಜೀಪಿನ ಮುಂದಿನ ಸೀಟಿನಲ್ಲೇ ಕೂತರು. ಸಂಜೆ 5.20ಕ್ಕೆ ತುಮಕೂರಿನಲ್ಲಿ ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸಿ, ಅಲ್ಲೇ ಜಾಮೀನಾಯಿತು. ಜಾಮೀನಿಗೆ ನಿಂತವರು ಫಿರ್ಯಾದಿ ವೆಂಕಟರಂಗಯ್ಯ. ಕೇಸು ಏನೇ ಆಗಲಿ, ಪ್ರತಿ ವರ್ಷ ಮಾಲಯ ಅಮಾವಾಸ್ಯೆಗೂ ಹ್ಯಾಟನ್ನು ತಾವೇ ಕೊತ್ತಗೆರೆಗೆ ತರುವುದಾಗಿ ಅವರು ಅಜ್ಜಿಗೆ ಮಾತು ಕೊಟ್ಟರು.

ಠಾಣೆಗೆ ಮರಳಿದ ಮೇಲೆ ಹನುಮಂತರಾಜು ಕೇಸ್ ಡೈರಿ ತೆರೆದ. “ಮೇಡಂ, ಕೃತ್ಯದ ಉದ್ದೇಶ ಅಂತ ಏನು ಬರೀಲಿ? ದುರಾಸೆ ಅಂತ ಬರೆಯೋಕೆ ಮನಸ್ಸಾಗ್ತಿಲ್ಲ.”

ನೇತ್ರಾವತಿ ನಿಧಾನವಾಗಿ ಹೇಳಿ ಬರೆಸಿದರು:

“ಆರೋಪಿಯ ಗಂಡ ಮೂರು ವರ್ಷದಿಂದ ಎಡೆಗೆ ಬರಿತಲೆಯಲ್ಲಿ ಬಂದು ಉಂಡು ಹೋಗುತ್ತಿದ್ದರು. ಅದನ್ನು ಆರೋಪಿಗೆ ನೋಡಲಾಗಲಿಲ್ಲ.”