ಸಬ್ಸಿಡಿಯ ವಿರುದ್ಧ ನನ್ನ ವಾದ

"ಈ ಮೂರನೇ ಪಾಯಿಂಟ್ ತಪ್ಪೈತ್ರಿ, ಮ್ಯಾಡಮ್ಮಾರ."

ತಲೆಯೆತ್ತಿ ನೋಡಿದೆ. ಕುಲಗೋಡದಿಂದ ಗೋಕಾಕಕ್ಕೆ ಬೆಳಿಗ್ಗೆ ಎಂಟು ಗಂಟೆಗೆ ಹೊರಡುವ ಬಸ್ಸು. ಪಕ್ಕದಲ್ಲಿ ಕುಳಿತಿದ್ದವರು ಕತ್ತು ಚಾಚಿ ನನ್ನ ನೋಟ್‌ಬುಕ್ ಓದುತ್ತಿದ್ದರು. ಖಾಕಿ ಪ್ಯಾಂಟು, ಅಂಗಿ ಜೇಬಿನಲ್ಲಿ ಪೆನ್ನಿನ ಜೊತೆ ಒಂದು ಟೆಸ್ಟರ್. ಲೈನ್‌ಮನ್ ಎಂದು ತಿಳಿಯಲು ಕೇಳಬೇಕಿರಲಿಲ್ಲ.

ನಾನು ಗೋಕಾಕದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ವಿದ್ಯಾರ್ಥಿಗಳಿಗೆ ಚರ್ಚೆಯೊಂದನ್ನು ಇಟ್ಟಿದ್ದೆ: ವಿದ್ಯುತ್ ವಾಹನ ಕೊಳ್ಳುವವರಿಗೆ ಸರ್ಕಾರ ಸಹಾಯಧನ ಕೊಡಬೇಕೆ? ವಿರೋಧವಾಗಿ ಮಾತಾಡಲಿದ್ದ ದ್ರಾಕ್ಷಾಯಿಣಿಗೆ ಅಂಶಗಳನ್ನು ಬರೆಯುತ್ತಿದ್ದೆ. ಮೂರನೆಯದು ಹೀಗಿತ್ತು: ಕೊಳ್ಳುವ ಶಕ್ತಿ ಇದ್ದವರಿಗೇ ಈ ಹಣ ಸೇರುತ್ತದೆ.

"ಏನ್ ತಪ್ಪೈತ್ರಿ ಅದರಾಗ?" ಎಂದೆ. ಅಪರಿಚಿತರು ನನ್ನ ಬರಹ ತಿದ್ದುವುದನ್ನು ನಾನು ಸಹಿಸುವವಳಲ್ಲ.

"ನನ್ನ ನೋಡ್ರಿ. ಶಕ್ತಿ ಇದ್ದಂವನಂಗ ಕಾಣ್ತೇನೇನ್ರಿ? ವರ್ಷದಿಂದ ಕರೆಂಟ್ ಸ್ಕೂಟರ್ ತಗೋಬೇಕಂತೇನಿ. ಸರ್ಕಾರ ಹತ್ತ ಸಾವಿರ ಕೈ ಹಚ್ಚಿದ್ರ ಆಕ್ಕೈತಿ. ಇಲ್ಲಂದ್ರ ಈ ಬಸ್ಸ ಗತಿ."

"ನೀವು ಸ್ಕೂಟರ್ ಮ್ಯಾಲ ಅಡ್ಡಾಡಲಿ ಅಂತ ನಮ್ಮವ್ವ ಮೈ ತೊಳಿಯೂ ಸಬಕಾರದ ಮ್ಯಾಲ ಟ್ಯಾಕ್ಸ್ ಕಟ್ಟಬೇಕು?"

ಅವರು ನಕ್ಕರು. ನಗುವಾಗ ಅವರ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ಮುಚ್ಚಿಕೊಳ್ಳುತ್ತದೆ. ಅದನ್ನು ಅವತ್ತೇ ಗಮನಿಸಿದ್ದೆ. ಗಮನಿಸಿಲ್ಲವೆಂದು ಬಹಳ ದಿನ ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಅಷ್ಟರಲ್ಲಿ ಕಂಡಕ್ಟರ್ ಬಂದು ನನಗೆ ಹೆಂಗಸರ ಶೂನ್ಯ ಟಿಕೆಟ್ ಹರಿದುಕೊಟ್ಟ. ಅವರು ದುಡ್ಡು ಕೊಟ್ಟು ತಮ್ಮದನ್ನು ತೆಗೆದುಕೊಂಡರು. ಎರಡನ್ನೂ ಪಕ್ಕಪಕ್ಕ ಹಿಡಿದು ನನ್ನ ಮುಖ ನೋಡಿದರು.

"ಇದು ಯಾರ ದುಡ್ಡರಿ, ಮ್ಯಾಡಮ್ಮಾರ?"

ಇಡೀ ದಾರಿ ನಾವಿಬ್ಬರೂ ಬಾಯಿ ಮುಚ್ಚಲಿಲ್ಲ. ಗೋಕಾಕದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವರ ಹೆಸರು ಮಾಲಿಂಗ, ಊರು ನಮ್ಮದೇ ಎಂದು ಗೊತ್ತಾಯಿತು. ಪೂನಮ್ ಎಂದು ನನ್ನ ಹೆಸರು ಹೇಳಿದೆ. ಆದರೂ ಅವರು ಆಮೇಲೂ ಮ್ಯಾಡಮ್ಮಾರ ಎಂದೇ ಕರೆದರು.

ಅದು ದೀಪಾವಳಿ ಕಳೆದ ಮೇಲಿನ ಮಾತು. ಮರುದಿನದಿಂದ ಒಂದು ರೂಢಿ ಬೆಳೆಯಿತು. ಬಸ್ಸು ನಿಲ್ಲುವ ಮೊದಲೇ ಮಾಲಿಂಗ ಕಿಟಕಿಯಿಂದ ತಮ್ಮ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ನಾನು ನೂಕುನುಗ್ಗಲಿನಲ್ಲಿ ನಿಧಾನವಾಗಿ ಹತ್ತಿ, ಆಕಸ್ಮಿಕವಾಗಿ ಸಿಕ್ಕಿತು ಎಂಬಂತೆ ಅವರ ಪಕ್ಕ ಕೂರುತ್ತಿದ್ದೆ. ಆಮೇಲೆ ಮುಕ್ಕಾಲು ತಾಸು ಜಗಳ.

ಮೊದಮೊದಲು ಮೊಬೈಲು ಎಷ್ಟು ದುಬಾರಿ ಇತ್ತು ನೋಡಿ, ಕೊಳ್ಳುವವರು ಹೆಚ್ಚಾದ ಮೇಲೆ ಕುರಿ ಕಾಯುವವರ ಕೈಗೂ ಬಂತು, ಸ್ಕೂಟರೂ ಹಾಗೇ ಅಗ್ಗವಾಗುತ್ತದೆ ಎನ್ನುವುದು ಅವರ ವಾದ. ಅದೇ ದುಡ್ಡಿಗೆ ಇನ್ನಷ್ಟು ಬಸ್ಸು ಬಿಡಲಿ ಎನ್ನುವುದು ನನ್ನದು. ಹಿಂದಿನ ಸೀಟಿನ ಬದನೆಕಾಯಿ ಮಾರುವ ಕೆಂಪವ್ವ ಆಗಾಗ ತೀರ್ಪು ಕೊಡುತ್ತಿದ್ದಳು. ಹೆಚ್ಚಾಗಿ ನನ್ನ ಕಡೆಗೇ.

ನನಗೆ ಮೂವತ್ಮೂರು ವರ್ಷ. ಕಾಲೇಜಿನಲ್ಲಿ ದಿನವಿಡೀ ಮಾತಾಡುತ್ತೇನೆ, ಆದರೆ ಅದು ಪಾಠ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ ಉದ್ದವ್ವ ಮತ್ತು ನಾನು ಇಬ್ಬರೇ. ಅವಳ ಮಾತು ಬಂದೆಯಾ, ಉಂಡೆಯಾ ಅನ್ನುವಲ್ಲಿಗೆ ಮುಗಿಯುತ್ತದೆ. ಊಟವಾದ ಮೇಲೆ ನಾನು ಉತ್ತರಪತ್ರಿಕೆ ಎದುರಿಗಿಟ್ಟುಕೊಂಡು ಕೂತರೆ ಮನೆಯಲ್ಲಿ ಫ್ಯಾನಿನ ಸದ್ದೊಂದೇ. ನನ್ನ ಮಾತಿಗೆ ಎದುರು ಮಾತು ಕೊಡುವ ಒಂದು ಜೀವ ನನಗೆ ಇಷ್ಟು ಬೇಕಾಗಿತ್ತೆಂದು ಆ ಬಸ್ಸಿನಲ್ಲಿ ಕೂತ ಮೇಲೆಯೇ ಗೊತ್ತಾದದ್ದು.

ಆದರೆ ಸಂಜೆ ಕುಲಗೋಡದ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವರು ಎಡಕ್ಕೆ, ಕುರುಬರ ಓಣಿಗೆ. ನಾನು ಬಲಕ್ಕೆ, ಬುದ್ಧವಿಹಾರದ ಹಿಂದಿನ ನಮ್ಮ ಓಣಿಗೆ. ಇಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂತರೂ ಯಾರೂ ಕೇಳುವುದಿಲ್ಲ, ಸೀಟು ಸಿಕ್ಕಲ್ಲಿ ಕೂರುವುದು. ಊರಲ್ಲಿ ಎರಡು ಹೆಜ್ಜೆ ಜೊತೆಗೆ ನಡೆದರೂ ಅದಕ್ಕೊಂದು ಅರ್ಥ ಬರುತ್ತದೆ. ನಮಗಿದ್ದದ್ದು ಆ ಸೀಟು ಒಂದೇ.

ಮಾರ್ಚ್ ಎರಡನೇ ವಾರ ಮಾಲಿಂಗ ಹೇಳಿದರು:

"ಏಪ್ರಿಲ್‌ದಿಂದ ಸಬ್ಸಿಡಿ ಅರ್ಧಕ್ಕ ಇಳೀತೈತಂತ್ರಿ. ತಗೊಂಡ್ರ ಈ ತಿಂಗಳಾಗ ತಗೋಬೇಕು."

ಸ್ಕೂಟರ್ ಬಂದರೆ ಇವರು ಬಸ್ಸು ಹತ್ತುವುದಿಲ್ಲ. ಅಷ್ಟು ಸರಳವಾದ ಲೆಕ್ಕ ಅರ್ಥಶಾಸ್ತ್ರ ಓದಿದ ನನಗೆ ಆವರೆಗೆ ಹೊಳೆದಿರಲಿಲ್ಲ.

ಅವತ್ತು ವಾದಿಸಿದಷ್ಟು ನಾನು ಜನ್ಮದಲ್ಲಿ ವಾದಿಸಿಲ್ಲ. ಬ್ಯಾಟರಿ ಹಾಳಾದರೆ ಯಾರು ಗತಿ ಎಂದೆ. ಹೊಲದಲ್ಲಿ ದುಡಿಯುವ ಹೆಂಗಸಿಗೆ ಇದರಿಂದ ಒಂದು ಪೈಸೆಯ ಉಪಯೋಗವಾದರೂ ಇದೆಯೇ ಎಂದೆ. ದನಿ ಏರಿತ್ತು. ಮುಂದಿನ ಸೀಟಿನವರೂ ತಿರುಗಿ ನೋಡಿದರು.

"ಒಂದ ಬಸ್ಸಿನ್ಯಾಗ ಅರವತ್ತ ಮಂದಿ ಹೊಕ್ಕಾರ. ನಿಮ್ಮ ಸ್ಕೂಟರ್ ಮ್ಯಾಲ ಎಷ್ಟ ಮಂದಿ?"

"ಇಬ್ಬರು," ಎಂದರು ಮಾಲಿಂಗ. ಅಷ್ಟು ಹೇಳಿ ನನ್ನನ್ನೇ ನೋಡಿದರು. ನಗಲಿಲ್ಲ. "ನಿಮಗೂ ಬಸ್ಸಿನ ಕಾಟ ತಪ್ಪತೈತ್ರಿ."

"ನಂಗೇನ್ ಕಾಟಿಲ್ಲ. ನಂಗ ಸರ್ಕಾರದ ಬಸ್ಸ ಸಾಕು!"

ಕೆಂಪವ್ವ ಹಿಂದಿನಿಂದ, "ಬರೋಬ್ಬರಿ ಹೇಳಿದಿ ನೋಡ ತಂಗಿ," ಎಂದಳು. ಮಾಲಿಂಗ ಕಿಟಕಿಯ ಕಡೆ ತಿರುಗಿದರು. ಇಳಿಯುವಾಗ, "ನೀವ ಗೆದ್ರಿ ಬಿಡ್ರಿ," ಎಂದಷ್ಟೇ ಹೇಳಿ ಹೋದರು. ನನಗೆ ಖುಷಿಯಾಗಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ. ಸ್ಕೂಟರ್ ತಪ್ಪಿತು ಎಂದುಕೊಂಡಿದ್ದೆ.

ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಟವೆಲ್ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಮೂರನೇ ದಿನ ಊರು ದಾಟುವಾಗ ಬಿಳಿ ಸ್ಕೂಟರೊಂದು ಸದ್ದಿಲ್ಲದೆ ನಮ್ಮ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಹೆಲ್ಮೆಟ್ ಇದ್ದರೂ ಆ ಬೆನ್ನು ನನಗೆ ತಿಳಿಯದೇ ಇರುತ್ತದೆಯೇ?

ಆಮೇಲಿನ ಮೂರು ವಾರ ನನ್ನ ಬದುಕಿನಲ್ಲಿ ಏನೂ ನಡೆಯಲಿಲ್ಲ. ಬೆಳಿಗ್ಗೆ ನನ್ನ ಬ್ಯಾಗನ್ನು ಪಕ್ಕದ ಸೀಟಿನ ಮೇಲಿಡುತ್ತಿದ್ದೆ. ಯಾರಾದರೂ ಬಂದು ಕೇಳುವವರೆಗೆ ಅದು ಅಲ್ಲೇ ಇರುತ್ತಿತ್ತು. ಆಮೇಲೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಪೇಪರಿನಲ್ಲಿ ಬ್ಯಾಟರಿ, ಸಬ್ಸಿಡಿ ಎಂದು ಏನು ಕಂಡರೂ ಓದಿ, ಅವರು ಇದಕ್ಕೆ ಏನನ್ನುತ್ತಿದ್ದರು ಎಂದು ಊಹಿಸಿ, ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ಆ ವಾದಗಳಲ್ಲೆಲ್ಲ ನಾನೇ ಗೆಲ್ಲುತ್ತಿದ್ದೆ. ಗೆದ್ದು ಏನು ಮಾಡಲಿ?

"ನಿನ್ನ ಜೋಡಿದಾರ ಎಲ್ಲಿ ಹ್ವಾದ?" ಎಂದು ಕೆಂಪವ್ವ ಒಂದು ದಿನ ಕೇಳಿದಳು.

"ಜೋಡಿದಾರ ಏನಲ್ಲಬೇ. ಸೀಟ ಸಿಕ್ಕಿತ್ತು, ಕುಂದ್ರತಿದ್ರು," ಎಂದೆ.

ಹುಕ್ಕೇರಿಯಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ ಇತ್ತು. ದ್ರಾಕ್ಷಾಯಿಣಿ ಅದೇ ವಿಷಯದ ಮೇಲೆ, ಅದೇ ಬಸ್ಸಿನ ವಾದ ಮಂಡಿಸಿ ಮೊದಲ ಬಹುಮಾನ ತೆಗೆದುಕೊಂಡಳು. ಚಪ್ಪಾಳೆ ಬೀಳುತ್ತಿದ್ದಾಗ ನಾನು ಫೋನ್ ಕೈಗೆತ್ತಿಕೊಂಡೆ. ಯಾರಿಗೆ ಹೇಳುವುದು? ನಾಲ್ಕೈದು ತಿಂಗಳು ಜಗಳಾಡಿದರೂ ಅವರ ನಂಬರ್ ನಾನು ತೆಗೆದುಕೊಂಡಿರಲಿಲ್ಲ. ನಾಳೆ ಹೇಗೂ ಸಿಗುತ್ತಾರಲ್ಲ ಎಂಬ ಧೈರ್ಯ.

ಅವತ್ತು ಸಂಜೆ ಗೋಕಾಕದ ಸ್ಟ್ಯಾಂಡಿನಲ್ಲಿ ಊರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹುಡುಗಿಯನ್ನು ಅವಳಪ್ಪನ ಜೊತೆ ಕಳಿಸಿಯಾಗಿತ್ತು. ಬಿಳಿ ಸ್ಕೂಟರ್ ಬಂದು ಎದುರಿಗೆ ನಿಂತಿತು.

"ಗೆದ್ರೇನ್ರಿ?" ಎಂದರು ಮಾಲಿಂಗ. ಸ್ಪರ್ಧೆಯ ತಾರೀಖು ಅವರಿಗೆ ನೆನಪಿತ್ತು.

"ಫಸ್ಟ್ ಬಂತು."

"ಬರಲೇಬೇಕಲ್ರಿ. ಆ ವಾದ ಸೋಲೂದಲ್ಲ. ನಾನ ಸೋತೇನಲ್ಲ."

"ಸೋತವರು ಮತ್ತ ಸ್ಕೂಟರ್ ಯಾಕ ತಗೊಂಡ್ರಿ?" ಕೇಳಬಾರದೆಂದು ಮೂರು ವಾರ ಹಲ್ಲು ಕಚ್ಚಿ ಹಿಡಿದಿದ್ದೆ. ಬಾಯಿಂದ ಬಂದೇಬಿಟ್ಟಿತು. "ಸಬ್ಸಿಡಿ ಸಿಕ್ತು, ಹಾರಿ ಹ್ವಾದ್ರಿ. ಒಂದ ಮಾತ ಹೇಳಾಕೂ ಆಗಲಿಲ್ಲ?"

ಅವರು ಹೆಲ್ಮೆಟ್ ತೆಗೆದರು. ಸ್ವಲ್ಪ ಹೊತ್ತು ಅದರ ಪಟ್ಟಿಯನ್ನೇ ನೋಡುತ್ತಿದ್ದರು.

"ಕೇಳೇ ಬಿಟ್ಟಿದ್ನೆಲ್ರಿ. ಎಷ್ಟ ಮಂದಿ ಅಂದ್ರಿ, ಇಬ್ಬರು ಅಂದೆ. ನಂಗ ಬಸ್ಸ ಸಾಕು ಅಂದ್ರಿ. ಅದರ ಮ್ಯಾಲ ಯಾ ಮಾರಿ ಹೊತ್ತು ಬಸ್ಸ ಹತ್ತಲಿ?"

ಸ್ಟ್ಯಾಂಡಿನ ಮೈಕಿನಲ್ಲಿ ಯಾವುದೋ ಊರಿನ ಹೆಸರು ಕೂಗುತ್ತಿದ್ದರು.

"ಬಸ್ಸಿನ್ಯಾಗ ನಾವು ಬಾಜೂ ಕುಂತ್ರ ಯಾರೂ ಏನೂ ಅನ್ನಂಗಿಲ್ಲ," ಎಂದರು ಅವರು. "ಅದಕ್ಕ ನಂಗ ಆ ಬಸ್ಸ ಬ್ಯಾಡಾಗಿತ್ತು. ನಿಮ್ಮನ್ನ ಹಿಂದ ಕುಂದ್ರಿಸಿಕೊಂಡು ಹೊಂಟ್ರ ನೋಡಿದವರಿಗೆಲ್ಲ ಗೊತ್ತಾಕ್ಕೈತಿ. ಗೊತ್ತಾಗಲಿ ಅಂತನ ತಗೊಂಡೇನಿ. ಶೋರೂಮಿನ್ಯಾಗ ಸಬ್ಸಿಡಿ ಸಲುವಾಗಿ ಮುಖದ ಗುರುತು ಹಿಡ್ಯಾಕ ಫೋನಿನ ಮುಂದ ನಿಂತು ಕಣ್ಣ ಮಿಟಕಸು ಅಂದ್ರು. ನಿಮ್ಮ ಎದುರಿಗೆ ನಿಂತಂಗ ಆತು, ಕಣ್ಣ ಮುಚ್ಚಾಕ ಆಗಲಿಲ್ರಿ. ಮೂರ ಸರತಿ ಫೇಲ್ ಆತು."

ಸೀಟಿನ ಕೆಳಗಿನಿಂದ ಇನ್ನೊಂದು ಹೆಲ್ಮೆಟ್ ತೆಗೆದರು. ಅದರ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ.

"ಇದ ಹಾಕ್ಕೋರಿ. ನಿಮಗ ಅಂಜಿಕಿ ಇದ್ರ, ಮುಖ ಯಾರಿಗೂ ಕಾಣಂಗಿಲ್ಲ. ಬ್ಯಾಡಂದ್ರ ಹೇಳ್ರಿ, ಇನ್ನೊಮ್ಮಿ ಕೇಳಂಗಿಲ್ಲ."

"ನಾ ಸಬ್ಸಿಡಿ ಬ್ಯಾಡಂದದ್ದು ಯಾಕ ಗೊತ್ತೇನ್ರಿ?" ಎಂದೆ. "ಸ್ಕೂಟರ್ ಬಂದ್ರ ನೀವು ನನ್ನ ಬಾಜೂ ಕುಂದ್ರೂದಿಲ್ಲ. ಅದೊಂದ ಕಾರಣ. ಉಳಿದ ಪಾಯಿಂಟ್ ಎಲ್ಲಾ ಆಮ್ಯಾಲ ಹುಡಿಕಿದ್ದು."

ಮಾಲಿಂಗ ನಗಲಿಲ್ಲ. ಅವರ ಕಣ್ಣು ತುಂಬಿತ್ತು. ನಾನು ಪ್ಲಾಸ್ಟಿಕ್ ಹರಿದು ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತೆ.

ದಾರಿಯುದ್ದಕ್ಕೂ ನಾವು ಹೆಚ್ಚು ಮಾತಾಡಲಿಲ್ಲ. ಜಗಳವಿಲ್ಲದೆ ಅವರ ಜೊತೆ ಕೂತದ್ದು ಅದೇ ಮೊದಲು. ಹಿಂದಿನ ಸರಳು ಹಿಡಿದುಕೊಂಡಿದ್ದೆ. ಊರು ಒಂದು ಮೈಲಿ ಇರುವಾಗ, ಕಾಲುವೆಯ ಸೇತುವೆ ಹತ್ತಿರ ಅವರು ಗಾಡಿ ನಿಲ್ಲಿಸಿದರು.

"ಇಲ್ಲೇ ಇಳದ್ರೂ ನಡೀತೈತ್ರಿ. ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ಟ್ಯಾಂಡಿನ ಹೋಟೆಲಿನ ಬೆಂಚು, ಕುರುಬರ ಓಣಿಯ ಕಟ್ಟೆ, ನಮ್ಮ ಓಣಿಯ ಬಾಗಿಲುಗಳು ಎಲ್ಲವೂ ಕಣ್ಣೆದುರು ಬಂದವು. ಇಲ್ಲಿ ಇಳಿದರೆ ನಾಳೆಯೂ ನಾನು ಅದೇ ಬಸ್ಸಿನಲ್ಲಿ ಬ್ಯಾಗಿನ ಜೊತೆ ಕೂರಬಹುದು. ಯಾರೂ ಏನೂ ಅನ್ನುವುದಿಲ್ಲ.

ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಒಂದು ಕೈಯನ್ನು ಅವರ ಭುಜದ ಮೇಲಿಟ್ಟೆ.

"ನಡೀರಿ," ಎಂದೆ. "ನಮ್ಮನಿ ಬಾಗಲಾತನಕ."

ಗಾಡಿಗೆ ಸದ್ದಿರಲಿಲ್ಲ. ಹಾಗಾಗಿ ಹೋಟೆಲಿನ ಬೆಂಚಿನ ಮೇಲಿನ ಮಾತು ನಿಂತದ್ದು ನಮಗೆ ಸರಿಯಾಗಿ ಕೇಳಿಸಿತು. ಯಾರೋ ಮಾಲಿಂಗನ ಹೆಸರು ಹಿಡಿದು ಕೂಗಿದರು. ಅವರು ನಿಲ್ಲಿಸಲಿಲ್ಲ. ಎಡಕ್ಕೆ ತಿರುಗದೆ, ಬಲಕ್ಕೆ ತಿರುಗಿದರು.

ಅವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಕೆಳಗಿಟ್ಟು ನನ್ನನ್ನು ನೋಡಿದಳು, ಅವರನ್ನು ನೋಡಿದಳು, ನನ್ನ ಕೈ ಇದ್ದ ಜಾಗವನ್ನೂ ನೋಡಿದಳು.

"ಯಾರ ಇವರು?"

"ಮಾಲಿಂಗ ಅಂತ ಅವ್ವಾ. ನನಗ ಬೇಕಾದವರು."

ಹೆಸರು ಕೇಳಿಯೇ ಅವ್ವನಿಗೆ ಓಣಿ ಯಾವುದೆಂದು ತಿಳಿಯಿತು. ಅವಳ ವಯಸ್ಸಿನವರಿಗೆ ಕುರುಬರ ಓಣಿಯ ಜನ ನಮ್ಮ ಹೊಸ್ತಿಲಲ್ಲಿ ನಿಂತು ಮಾತಾಡಿ ಹೋದದ್ದು ಗೊತ್ತು, ಒಳಗೆ ಬಂದದ್ದು ಗೊತ್ತಿಲ್ಲ.

"ಒಳಗ ಬರತೀಯೇನಪಾ?" ಎಂದಳು ಕೊನೆಗೆ. "ಇಲ್ಲಾ ಅಲ್ಲೇ ನಿಂತು ಹೋಗಾಂವ?"

ಮಾಲಿಂಗ ಚಪ್ಪಲಿ ಬಿಟ್ಟರು. ಹೊಸ್ತಿಲು ದಾಟಿ ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಕುಡಿಯಲು ನೀರು ಕೇಳಿದರು.

ಅವ್ವ ತಂಬಿಗೆ ತರಲು ಎದ್ದಳು. ನಾನು ಹೊರಗೆ ನೋಡಿದೆ. ಓಣಿಯ ತುಂಬ ಜನ ನಿಂತಿದ್ದರು. ನಾಳೆ ಬೆಳಿಗ್ಗೆ ಎರಡೂ ಓಣಿಗಳಲ್ಲಿ ಏನೇನು ಮಾತು ಏಳುತ್ತದೋ ನನಗೆ ಗೊತ್ತಿರಲಿಲ್ಲ. ಬಾಗಿಲಿಗೆ ಕೈ ಹಾಕಿದವಳು ಅದನ್ನು ಮುಚ್ಚಲಿಲ್ಲ. ಪೂರಾ ತೆರೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಕಲ್ಲು ಒತ್ತಿಟ್ಟು, ಒಳಗೆ ಹೋಗಿ ಅವರ ಪಕ್ಕ ಕೂತೆ.